ತೆಗೆದ ಓವರಿಯಲ್ಲಿ ಮತ್ತೆ ಗಡ್ಡೆ ಬರುವುದುಂಟಾ?

ಪ್ರಶ್ನೆ: ಅಮ್ಮನಿಗೆ 61 ವರ್ಷ. 2002ರಲ್ಲಿ ಮಂಗಳೂರಿನಲ್ಲಿ ಗರ್ಭಕೋಶ, ಓವರಿ ಎಲ್ಲ ತೆಗೆದಿದ್ದರು. ಈಗ ಹೊಟ್ಟೆನೋವೆಂದು ಸ್ಕ್ಯಾನ್ ಮಾಡಿಸಿದರೆ ‘ಓವರಿ ಗಡ್ಡೆ ಇರಬಹುದು’ ಅಂತ ಬರೆದಿದ್ದಾರೆ. ಇಲ್ಲದ ಓವರಿಯಲ್ಲಿ ಗಡ್ಡೆ ಬರುವುದುಂಟಾ ಡಾಕ್ಟ್ರೇ?
– ಓದುಗರು, ಉಡುಪಿ

ಉತ್ತರ: ಉಂಟು, ತೀರಾ ಅಪರೂಪಕ್ಕೆ. ಆದರೆ ‘ಎಲ್ಲ ತೆಗೆದಿದ್ದಾರೆ’ ಅನ್ನುವುದನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಗರ್ಭಕೋಶ ಮಾತ್ರ ತೆಗೆದಿದ್ದರೂ ಮನೆಯವರು ಹೇಳುವುದು ಹಾಗೆಯೇ. ಹಳೆ ಡಿಸ್ಚಾರ್ಜ್ ಚೀಟಿ ಬಿಡಿಸಿದರೆ ಒಂದು ಓವರಿ ಉಳಿಸಿದ್ದು ಗೊತ್ತಾಗುತ್ತದೆ.

ನಿಜವಾಗಿ ಎರಡೂ ತೆಗೆದಿದ್ದರೆ? ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ಕಾಯಿಲೆ) ಅಥವಾ ಹಳೆ ಸೋಂಕು ಇದ್ದವರಲ್ಲಿ ಓವರಿ ಕರುಳಿಗೆ ಅಂಟಿಕೊಂಡಿರುತ್ತದೆ. ಹಲಸಿನ ತೊಳೆ ಬಿಡಿಸುವಾಗ ಎಷ್ಟು ಜಾಗ್ರತೆ ಮಾಡಿದರೂ ಗೂಂಜಿಗೆ ಒಂದು ಚೂರು ಉಳಿಯುತ್ತದಲ್ಲ, ಹಾಗೆ. ಇನ್ನೂ ಕೆರೆಯಲು ಹೋದರೆ ಕರುಳೇ ತೂತಾದೀತು. ಉಳಿದ ಆ ಚೂರು ಹಾರ್ಮೋನ್ ಬಿಡುತ್ತದೆ, ನೀರುಗುಳ್ಳೆ ಮಾಡುತ್ತದೆ, ಅಪರೂಪಕ್ಕೆ ಗಡ್ಡೆಯೂ ಆಗುತ್ತದೆ. ಆಪರೇಷನ್ ಆದ ಮೇಲೆ ಮೈ ಬಿಸಿಯೇರಿ ಬೆವರುವುದು ಶುರುವಾಗಿತ್ತಾ ಅಂತ ಅಮ್ಮನನ್ನು ಕೇಳಿ. ಆ ವಯಸ್ಸಿನಲ್ಲಿ ಎರಡೂ ಓವರಿ ಪೂರ್ತಿ ಹೋದರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಶುರುವಾಗುತ್ತದೆ. ಹಾರ್ಮೋನ್ ಮಾತ್ರೆ ಇಲ್ಲದೆಯೂ ಏನೂ ಆಗದಿದ್ದರೆ ಚೂರು ಉಳಿದಿದೆಯಾ ಅಂತ ಅನುಮಾನ ಬರುತ್ತದೆ.

ಆಗ ತೆಗೆದದ್ದೇ ಗ್ರಾನ್ಯುಲೋಸಾ ಸೆಲ್ ಗಡ್ಡೆ ಎಂಬ ಅಪರೂಪದ ಓವರಿ ಕ್ಯಾನ್ಸರ್ ಆಗಿದ್ದರೆ ಕಥೆ ಬೇರೆ. ಅದಕ್ಕೆ ಅವಸರವೇ ಇಲ್ಲ. 10, 20 ವರ್ಷ ಸುಮ್ನೆ ಇದ್ದು, ಓವರಿಯೇ ಇಲ್ಲದ ಹೊಟ್ಟೆಯೊಳಗೆ ಮತ್ತೆ ಬೆಳೆಯಬಹುದು. ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನ್ ಬಿಡುವ ಗಡ್ಡೆ ಇದು. ಗರ್ಭಕೋಶ ಇದ್ದಿದ್ದರೆ ರಕ್ತಸ್ರಾವವಾಗಿ ಎಚ್ಚರಿಸುತ್ತಿತ್ತು, ಅಮ್ಮನಿಗೆ ಆ ಸೂಚನೆಯೂ ಇಲ್ಲ. ಈ ಗಡ್ಡೆ ಬಿಡುವ ಇನ್ನೊಂದು ಹಾರ್ಮೋನ್ ಇನ್‌ಹಿಬಿನ್ ಬಿಯನ್ನು ರಕ್ತದಲ್ಲಿ ನೋಡಿದರೆ ಸುಳಿವು ಸಿಗುತ್ತದೆ. ಓವರಿ ಕ್ಯಾನ್ಸರ್ ಅನುಮಾನಕ್ಕೆ ಎಲ್ಲರೂ ಮಾಡಿಸುವ ಸಿಎ-125 ರಕ್ತಪರೀಕ್ಷೆ ಇಲ್ಲಿ ಅಷ್ಟು ಉಪಯೋಗಕ್ಕೆ ಬರುವುದಿಲ್ಲ.

ಹಾಗಂತ ಈಗಲೇ ಕ್ಯಾನ್ಸರ್ ಅಂದುಕೊಳ್ಳಬೇಡಿ. ಹಳೆ ಆಪರೇಷನ್ ಜಾಗದಲ್ಲಿ ಅಂಟುಗಳ ನಡುವೆ ನೀರು ನಿಂತರೂ ಸ್ಕ್ಯಾನಿನಲ್ಲಿ ಗಡ್ಡೆಯ ಹಾಗೆಯೇ ಕಾಣುತ್ತದೆ. ಎಂಆರ್‌ಐ ಮಾಡಿದರೆ ಹೆಚ್ಚಾಗಿ ತಿಳಿಯುತ್ತದೆ.

ಸ್ತ್ರೀರೋಗ ಕ್ಯಾನ್ಸರ್ ತಜ್ಞರ ಹತ್ತಿರ ಹೋಗುವಾಗ 2002ರ ಬಯಾಪ್ಸಿ ರಿಪೋರ್ಟ್ ಬೇಕೇ ಬೇಕು. ನಮ್ಮ ಮಳೆಗೆ ಬೂಷ್ಟು ಹಿಡಿದು ಹಾಳಾಗಿದ್ದರೆ ಆ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ‘ಬ್ಲಾಕ್ ಉಂಟಾ’ ಅಂತ ಕೇಳಿ. ಅಂಚೆಚೀಟಿಯಷ್ಟಗಲದ ಮೇಣದ ತುಂಡು, ಒಳಗೆ ಅಮ್ಮನ ಅಂಗಾಂಶ. ಎಲ್ಲ ಕಡೆ ಇಷ್ಟು ವರ್ಷ ಇಟ್ಟಿರುವುದಿಲ್ಲ. ಇದ್ದರೆ ಅದನ್ನೇ ಮತ್ತೆ ತೆಳ್ಳಗೆ ಕೊಯ್ದು ಹೊಸ ಗಡ್ಡೆಯ ಜೊತೆ ಹೋಲಿಸಬಹುದು. ಹಳೆ ಬಿಲ್ ಒಂದು ಸಿಕ್ಕರೂ ತೆಗೆದುಕೊಂಡು ಹೋಗಿ, ಅದರಲ್ಲಿ ಆಸ್ಪತ್ರೆ ನಂಬರ್ ಇರುತ್ತದೆ.