ಸಣ್ಣ ಕೋರ್ಟ್ ಬೇಕೆನ್ನುವ ಮುನ್ನ ಮೂಲ ಫೈಲ್ ತೋರಿಸಿ

ನಂದಿಬೆಟ್ಟದ ಮಂಜಿನಲ್ಲಿ ಕಾದು ತೆಗೆದ ಫೋಟೊ ಹೆದ್ದಾರಿ ಬದಿಯ ರೆಸಾರ್ಟ್ ಫ್ಲೆಕ್ಸ್ ಮೇಲೆ ಕಂಡಾಗ ಚಿಕ್ಕಬಳ್ಳಾಪುರದ ಫೋಟೊಗ್ರಾಫರ್‌ಗಳು ವಕೀಲರಲ್ಲಿ ಕೇಳುವ ಮೊದಲ ಮಾತು: "ಗ್ರಾಹಕರ ಕೋರ್ಟ್ ಥರ ಇದಕ್ಕೂ ಒಂದು ಸಣ್ಣ ಕೋರ್ಟ್ ಇಲ್ವಾ ಸಾರ್?" ಇಲ್ಲ. ಐದು ಸಾವಿರದ ಫೋಟೊ ಆದರೂ ಕಾಪಿರೈಟ್ ಕಾಯ್ದೆಯ 62ನೇ ಕಲಂ ಪ್ರಕಾರ ದಾವೆ ಜಿಲ್ಲಾ ನ್ಯಾಯಾಲಯದಲ್ಲೇ. ಸಿಟ್ಟಿಗೆ ಹತ್ತು ಲಕ್ಷ ಕೇಳಿದರೆ ಕೋರ್ಟ್ ಫೀ ಏರುತ್ತದೆ. ಮೂರು ಲಕ್ಷ ಮುಟ್ಟಿದರೆ ಅದು ವಾಣಿಜ್ಯ ವ್ಯಾಜ್ಯವಾಗಿ, ತುರ್ತು ತಡೆಯಾಜ್ಞೆ ಕೇಳದಿದ್ದರೆ, ದಾವೆಗೆ ಮೊದಲೇ ಮಧ್ಯಸ್ಥಿಕೆ ಕಡ್ಡಾಯ.

ಅಮೆರಿಕದಲ್ಲಿ 2022ರ ಜೂನ್‌ನಿಂದ ಇಂಥ ಸಣ್ಣ ಮೊತ್ತದ ದೂರುಗಳಿಗೇ ಕಾಪಿರೈಟ್ ಕ್ಲೇಮ್ಸ್ ಬೋರ್ಡ್ ಎಂಬ ಮಂಡಳಿ ಇದೆ. ಶುಲ್ಕ 100 ಡಾಲರ್, ಮೊದಲು 40, ಆಮೇಲೆ 60. ಪರಿಹಾರ 30,000 ಡಾಲರ್ ಮೀರುವುದಿಲ್ಲ, ವಕೀಲರೂ ಬೇಕಿಲ್ಲ. ಆದರೆ ನೋಟಿಸ್ ತಲುಪಿದ 60 ದಿನದೊಳಗೆ ಪ್ರತಿವಾದಿ "ನನಗೆ ಈ ಬೋರ್ಡ್ ಬೇಡ" ಎಂದರೆ ಪ್ರಕರಣ ಅಲ್ಲಿಗೇ ಮುಗಿಯಿತು. ಇಂಗ್ಲೆಂಡಿನಲ್ಲಿ 10,000 ಪೌಂಡ್‌ವರೆಗಿನ ಕ್ಲೇಮಿಗೆ ಕೋರ್ಟಿನಲ್ಲೇ ಬೇರೆ ಸರಳ ದಾರಿಯಿದೆ. ಅಲ್ಲಿ ಹಾಗೆ ಜಾರಿಕೊಳ್ಳಲಾಗದು, ಆದರೆ ಮಧ್ಯಂತರ ತಡೆಯಾಜ್ಞೆಯೂ ಸಿಗದು.

ಬಂದವರಿಗೆ ಎಷ್ಟು ಹೇಳಿದರೂ ತಲೆಗೆ ಹೋಗದ ವಿಷಯ ಒಂದಿದೆ. ಸಣ್ಣ ನ್ಯಾಯಮಂಡಳಿ ಬೇಗ ತೀರ್ಪು ಕೊಡುವುದು ಬಹುಪಾಲು ಕಾಗದ ನೋಡಿ. ಸಾಕ್ಷಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ಪಾಟೀಸವಾಲು ಮಾಡುವ ಅವಕಾಶ ಅಲ್ಲಿ ತೀರಾ ಕಡಿಮೆ. ಹಾಗಾಗಿ ಪುರಾವೆಯಿಲ್ಲದವನಿಗೆ ಅಲ್ಲಿ ದೊಡ್ಡ ಕೋರ್ಟಿಗಿಂತ ಹೆಚ್ಚು ಕಷ್ಟ. ನಮ್ಮವರು ತರುವುದೇನು? ವಾಟ್ಸಾಪ್‌ನಿಂದ ಇಳಿಸಿಕೊಂಡ ಕಾಪಿ. ಫೋಟೊ ಆಗಿ ಕಳಿಸಿದರೆ ವಾಟ್ಸಾಪ್, ಚಿತ್ರ ತೆಗೆದ ದಿನ, ಕ್ಯಾಮೆರಾ, ಲೆನ್ಸ್ ಮಾಹಿತಿ ಎಲ್ಲ ಅಳಿಸಿ, ಅಳತೆಯನ್ನೂ ಕುಗ್ಗಿಸುತ್ತದೆ. ಕ್ಯಾಮೆರಾ ಉಳಿಸಿದ ಮೂಲ ಫೈಲ್, ಅಂದರೆ ರಾ ಫೈಲ್, ಎಲ್ಲಿ ಎಂದರೆ, "ಕಾರ್ಡ್ ಫುಲ್ ಆಯ್ತು, ಡಿಲೀಟ್ ಮಾಡ್ದೆ." ಅದೇ ಬೆಳಗ್ಗೆ ತೆಗೆದ ಹಿಂದು ಮುಂದಿನ ಏಳೆಂಟು ಫ್ರೇಮ್‌ಗಳು ಕ್ರಮಸಂಖ್ಯೆ ಸಮೇತ ಇದ್ದರೆ ಎದುರು ವಕೀಲರಿಗೆ ವಾದಿಸಲು ಹೆಚ್ಚೇನೂ ಉಳಿಯುವುದಿಲ್ಲ. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಬೇಕು. ಅದರಲ್ಲಿ ಫೈಲಿನ ಹ್ಯಾಶ್ ಸಂಖ್ಯೆ (ಫೈಲಿನ ಬೆರಳಚ್ಚಿನಂಥ ಗುರುತು) ಬರೆಯಬೇಕು, ಎರಡನೇ ಭಾಗಕ್ಕೆ ತಜ್ಞರ ಸಹಿ ಹಾಕಿಸಬೇಕು. ಕಾಪಿರೈಟ್ ನೋಂದಣಿ ಕಡ್ಡಾಯವಲ್ಲ, ಆದರೂ 500 ರೂಪಾಯಿಯ ಅರ್ಜಿ ಒಳ್ಳೆಯದು. ಇನ್ನು ದುಡ್ಡು ಪಡೆದು ತೆಗೆದ ಮದುವೆ ಫೋಟೊ: ಬೇರೆ ಕರಾರು ಇಲ್ಲದಿದ್ದರೆ 17ನೇ ಕಲಂ ಪ್ರಕಾರ ಅದರ ಹಕ್ಕು ದುಡ್ಡು ಕೊಟ್ಟವರದು.

ಫ್ಲೆಕ್ಸ್ ಇಳಿಸುವ ಮೊದಲೇ ಅಂಗಡಿ ಬೋರ್ಡ್ ಅಥವಾ ಕಿಲೋಮೀಟರ್ ಕಲ್ಲು ಕಾಣುವಂತೆ ಅದರ ಫೋಟೊ ತೆಗೆದುಕೊಳ್ಳಿ. ಕೆಳಗಿನ ಮೂಲೆಯಲ್ಲಿ ಪ್ರಿಂಟರ್ ಹೆಸರು, ನಂಬರ್ ಇದ್ದರೆ ಅದನ್ನು ಹತ್ತಿರದಿಂದ ತೆಗೆಯಿರಿ. ಜಾಲತಾಣದಲ್ಲಿದ್ದರೆ ಆ ತಾಣದವರಿಗೆ ಲಿಖಿತ ದೂರು ಕೊಡಿ: ಅವರು 36 ಗಂಟೆಯಲ್ಲಿ ತೆಗೆಯಬೇಕು, ನೀವು 21 ದಿನದಲ್ಲಿ ಕೋರ್ಟ್ ಆದೇಶ ತರದಿದ್ದರೆ ಅದು ಮತ್ತೆ ಹತ್ತಬಹುದು. ಬೆದರಿಕೆ ಪೋಸ್ಟ್ ಬೇಡ. ಆಧಾರವಿಲ್ಲದ ಬೆದರಿಕೆಗೆ 60ನೇ ಕಲಂ ಅಡಿ ಅವರೇ ನಿಮ್ಮ ಮೇಲೆ ದಾವೆ ಹೂಡಬಹುದು.

ಮೊತ್ತ ಸಣ್ಣದಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಲೋಕ ಅದಾಲತ್ತಿನಲ್ಲಿ ದಾವೆಪೂರ್ವ ರಾಜಿಗೆ ಯತ್ನಿಸುವುದು ಸಾಮಾನ್ಯವಾಗಿ ಮೇಲು. ಶುಲ್ಕವಿಲ್ಲ, ಆದೇಶ ಡಿಕ್ರಿಗೆ ಸಮ, ಮೇಲ್ಮನವಿಯಿಲ್ಲ. ಎದುರಿನವರು ಒಪ್ಪದಿದ್ದರೆ ಮಾತ್ರ ಜಿಲ್ಲಾ ನ್ಯಾಯಾಲಯವೇ ಗತಿ. ಅದಕ್ಕೂ ಉಲ್ಲಂಘನೆಯಾದ ದಿನದಿಂದ ಮೂರು ವರ್ಷ ಅಷ್ಟೇ.