ಹನಿ ಬೀಳುವುದು ಒಂದು ಕಡೆ, ತೂತು ಇನ್ನೊಂದು ಕಡೆ

ಕಳೆದ ಮಳೆಗಾಲದಲ್ಲಿ ಸೇಡಂ ಕಡೆ ಸಿಮೆಂಟ್ ಹೊರುವ ಹಳೆಯ ಲಾರಿಯೊಂದು ನಮ್ಮ ಗ್ಯಾರೇಜಿಗೆ ಬಂತು. ಕಲಬುರಗಿಯ ರಿಂಗ್ ರಸ್ತೆಯಲ್ಲಿ ಕ್ಯಾಬಿನ್ ಡೆಂಟಿಂಗ್, ವೆಲ್ಡಿಂಗ್ ಮಾಡುವುದು ನನ್ನ ಕೆಲಸ. ಡ್ರೈವರ್ ಎಡಗಡೆಯ ಮ್ಯಾಟ್ ಎತ್ತಿ ತೋರಿಸಿದರು. ಕೆಳಗೆ ನೆನೆದ ಗೋಣಿಚೀಲದ ವಾಸನೆ. ಫ್ಯೂಸ್ ಬಾಕ್ಸಿನ ತಂತಿಗಳ ತುದಿ ಹಸಿರುಗಟ್ಟಿತ್ತು. ಮುಂದಿನ ಗಾಜಿನ ಸುತ್ತ ಎರಡು ಟ್ಯೂಬ್ ಸಿಲಿಕಾನ್ ಬಳಿದಾಗಿತ್ತು. ಆದರೂ ನೀರು ಸೋರುವುದು ನಿಂತಿರಲಿಲ್ಲ. ಆ ನೀರು ಗಾಜಿನ ಕಡೆಯಿಂದ ಬರುತ್ತಲೇ ಇರಲಿಲ್ಲ.

ಮಣ್ಣಿನ ಮಾಳಿಗೆ ಮನೆಯಲ್ಲಿ ಬೆಳೆದವರಿಗೆ ಈ ಮಾತು ಬೇಗ ತಿಳಿಯುತ್ತದೆ. ಮಾಳಿಗೆ ಬಿರುಕು ಬಿಟ್ಟಿರುವುದು ಪಡಸಾಲೆ ಮೇಲೆ. ನೀರು ತೊಲೆ ಹಿಡಿದು ಹರಿದು ಅಡುಗೆಮನೆಯಲ್ಲಿ ಹನಿಯುತ್ತದೆ. ಕ್ಯಾಬಿನ್ ಕೂಡ ಹಾಗೆಯೇ. ಟಾಪಿನ ಪತ್ರಾ, ಅಂದರೆ ತಗಡು ಒಂದು, ಒಳಗಿನ ಹೊದಿಕೆ ಇನ್ನೊಂದು. ನಡುವೆ ಟೊಳ್ಳು. ಗಾಜಿನ ಪಕ್ಕದ ಕಂಬಗಳೂ ಟೊಳ್ಳು. ಮೇಲೆ ಹೊಕ್ಕ ನೀರು ಕಂಬದೊಳಗೆ ಇಳಿದು ಡ್ಯಾಶ್‌ಬೋರ್ಡಿನ ಹಿಂದೆ ಸುರಿಯುತ್ತದೆ. ನಾವು ಕಾಲಡಿ ನೋಡಿ ಗಾಜನ್ನು ಬೈಯುತ್ತೇವೆ.

ಹಾಗಾಗಿ ಟ್ಯೂಬ್ ಕೈಗೆತ್ತಿಕೊಳ್ಳುವ ಮುಂಚೆ ಹುಡುಕಬೇಕು. ಮೊದಲು ಅದು ಮಳೆ ನೀರೇ ಅಲ್ವಾ ಅಂತ ಬೆರಳಿನಿಂದ ಮುಟ್ಟಿ ನೋಡಿ. ಕ್ಲಚ್ ಪೆಡಲ್ ಹತ್ತಿರ ಜಿಡ್ಡು ಜಿಡ್ಡಾಗಿದ್ದು, ಅಲ್ಲಿ ಪೇಂಟ್ ಎದ್ದಿದ್ದರೆ ಅದು ಕ್ಲಚ್ ಆಯಿಲ್. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಸೋರುತ್ತಿದೆ ಅಂತ ಅರ್ಥ. ಅದು ಬೇರೆಯೇ ರಿಪೇರಿ, ತಡ ಮಾಡಬಾರದು. ಎಸಿ ಕೂರಿಸಿದ ಗಾಡಿಯಲ್ಲಿ ಮಳೆ ಇಲ್ಲದ ದಿನವೂ ಕಾಲಡಿ ಒದ್ದೆಯಾಗುತ್ತಿದ್ದರೆ, ಎಸಿ ನೀರು ಹೊರಗೆ ಹೋಗುವ ಪೈಪು ಕಟ್ಟಿರಬಹುದು.

ಮಳೆ ನೀರೇ ಅಂತಾದರೆ ಮ್ಯಾಟ್, ಅದರ ಕೆಳಗಿನ ಫೆಲ್ಟು, ಸಾಧ್ಯವಾದರೆ ಟಾಪಿನ ಒಳಹೊದಿಕೆ, ಎಲ್ಲ ಬಿಚ್ಚಿ. ಪತ್ರಾ ಕಾಣದೆ ಈ ಕೆಲಸ ಆಗುವುದಿಲ್ಲ. ಬಿಚ್ಚಿದ ಮೇಲೆ ಬಿಸಿಲು ನೆತ್ತಿಗೆ ಬಂದಾಗ ಒಬ್ಬರು ಒಳಗೆ ಕೂತು, ಗಾಜುಗಳಿಗೆ ತಾಡಪತ್ರಿ ಹೊದಿಸಿ ಕತ್ತಲೆ ಮಾಡಿಕೊಳ್ಳಿ. ನಮ್ಮ ಊರಿನ ಬಿಸಿಲು ಸೂಜಿಮೊನೆಯಷ್ಟು ತೂತನ್ನೂ ತೋರಿಸಿಬಿಡುತ್ತದೆ.

ಆಮೇಲೆ ನೀರಿನ ಪರೀಕ್ಷೆ. ಇಲ್ಲಿ ಹೆಚ್ಚಿನವರು ಅವಸರ ಮಾಡಿ ತಪ್ಪುತ್ತಾರೆ. ಪ್ರೆಶರ್ ಪಂಪ್ ಬೇಡ. ಅಷ್ಟು ಜೋರಾಗಿ ಹೊಡೆದರೆ ಚೆನ್ನಾಗಿರುವ ರಬ್ಬರಿನಲ್ಲೂ ನೀರು ನುಗ್ಗುತ್ತದೆ. ಸಾದಾ ಪೈಪು ಸಾಕು, ಮಳೆ ಬಿದ್ದ ಹಾಗೆ ಬಿಡಿ. ಶುರು ಮಾಡುವುದು ಕೆಳಗಿನಿಂದ. ಮೊದಲು ಬಾಗಿಲಿನ ಕೆಳಭಾಗ, ಆಮೇಲೆ ವೈಪರ್ ಬುಡ, ಆಮೇಲೆ ಗಾಜಿನ ಕೆಳಗಿನ ಅಂಚು, ಪಕ್ಕಗಳು, ಮೇಲಂಚು. ಟಾಪು ಎಲ್ಲಕ್ಕಿಂತ ಕೊನೆಗೆ. ಮೇಲಿನಿಂದ ಬಿಟ್ಟರೆ ನೀರು ಎಲ್ಲಾ ಕಡೆ ಇಳಿದು ಯಾವುದು ಸೋರಿತು ಅಂತ ತಿಳಿಯುವುದೇ ಇಲ್ಲ. ಒಂದೊಂದು ಜಾಗಕ್ಕೆ ಐದಾರು ನಿಮಿಷ ಕೊಡಿ. ಒಳಗೆ ಇನ್ನೊಬ್ಬರು ಟಾರ್ಚ್ ಹಿಡಿದಿರಲಿ. ಸಂಶಯ ಇರುವ ಕಡೆ ಸೀಮೆಸುಣ್ಣದ ಪುಡಿ ಉದುರಿಸಿದರೆ ನೀರು ಹರಿದ ಗೆರೆ ಎದ್ದು ಕಾಣುತ್ತದೆ. ಆ ಗೆರೆ ಹಿಡಿದು ಮೇಲಕ್ಕೆ ಹೋಗಿ.

ಸೇಡಂ ಲಾರಿಯಲ್ಲಿ ಗೆರೆ ಕಂಬದ ತುದಿಗೆ ಹೋಯಿತು. ಅಲ್ಲಿಂದ ಟಾಪಿಗೆ. ತಾಡಪತ್ರಿ, ಹಗ್ಗ ಇಡಲು ಯಾರೋ ಕ್ಯಾರಿಯರ್ ಕೂರಿಸಿ ಪತ್ರಾಕ್ಕೆ ನಾಲ್ಕು ಬೋಲ್ಟ್ ಹೊಡೆದಿದ್ದರು. ಎರಡರ ವಾಷರ್ ಬಿಸಿಲಿಗೆ ಸುಟ್ಟು ಹೋಗಿತ್ತು. ತೂತಿನ ಸುತ್ತ ಪತ್ರಾ ತುಕ್ಕು ತಿಂದು ಜಾಲರಿಯಾಗಿತ್ತು. ಹಳೆ ಗಾಡಿಗಳ ಟಾಪಿನಲ್ಲಿ ನನಗೆ ಸಿಗುವ ತೂತುಗಳಲ್ಲಿ ಜಾಸ್ತಿ ಇಂಥವೇ: ಕ್ಯಾರಿಯರ್, ಹೆಸರಿನ ಬೋರ್ಡು, ಲೈಟು, ಹಾರ್ನ್. ಬಿಚ್ಚಿದ ಮೇಲೂ ಸ್ಕ್ರೂ ತೂತು ಹಾಗೇ ಉಳಿದಿರುತ್ತದೆ.

ಸಿಮೆಂಟ್ ಲಾರಿಗಳಿಗೆ ಇನ್ನೊಂದು ತೊಂದರೆ ಇದೆ. ವೈಪರ್ ಕೆಳಗಿನ ತಗ್ಗಿಗೂ ಬಾಗಿಲಿನ ಕೆಳ ಅಂಚಿಗೂ ನೀರು ಹೊರಗೆ ಹೋಗಲು ಸಣ್ಣ ಕಿಂಡಿಗಳಿರುತ್ತವೆ. ವಾಡಿ, ಮಳಖೇಡ, ಸೇಡಂ ಓಡಾಟದಲ್ಲಿ ಅಲ್ಲಿ ಸಿಮೆಂಟ್ ಧೂಳು ಕೂರುತ್ತದೆ. ಮೊದಲ ಮಳೆಗೆ ಅದು ಕಲ್ಲಾಗುತ್ತದೆ. ಹೊರಗೆ ಹೋಗಬೇಕಾದ ನೀರು ತುಂಬಿ ಬ್ಲೋವರ್ ದಾರಿಯಿಂದ ಒಳಗೆ ಬರುತ್ತದೆ. ತಂತಿ ಹಾಕಿ ಕೆದರಿ, ನೀರು ಬಿಟ್ಟು ನೋಡಿ. ಕಾಸು ಖರ್ಚಿಲ್ಲದ ರಿಪೇರಿ ಇದು.

ಬಾಗಿಲಿನ ವಿಷಯದಲ್ಲಿ ಒಂದು ಮಾತು. ಗಾಜಿನ ಪಕ್ಕದಿಂದ ಬಾಗಿಲೊಳಗೆ ಸ್ವಲ್ಪ ನೀರು ಇಳಿಯುವುದು ಸಹಜ. ಅದನ್ನು ಒಳಗೆ ಬಿಡದೆ ಕಿಂಡಿಗೆ ಇಳಿಸಲು ಪ್ಯಾನಲ್ ಹಿಂದೆ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಲಾಕ್ ರಿಪೇರಿಗೆ ಅಂತ ಬಿಚ್ಚಿದವರು ಅದನ್ನು ಹರಿದು ಬಿಸಾಡುತ್ತಾರೆ. ದಯವಿಟ್ಟು ಹೊಸ ಹಾಳೆ ಅಂಟಿಸಿ. ಬಾಗಿಲ ರಬ್ಬರ್ ನೋಡಲು ಒಂದು ಕಾಗದದ ಪಟ್ಟಿ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಸರಾಗವಾಗಿ ಬಂದರೆ ಅಲ್ಲಿ ಹಿಡಿತ ಇಲ್ಲ. ಎಷ್ಟೋ ಸಲ ರಬ್ಬರ್ ಚೆನ್ನಾಗಿರುತ್ತದೆ, ಹಿಂಜ್ ಪಿನ್ ಸವೆದು ಬಾಗಿಲೇ ಜೋತಿರುತ್ತದೆ. ಆಗ ಪಿನ್ ಬದಲಿಸಿ, ರಬ್ಬರ್ ಅಲ್ಲ.

ಇನ್ನು ಮುಚ್ಚುವ ಕೆಲಸ. ಹುಳಿ ವಾಸನೆಯ ಸಿಲಿಕಾನ್ ಬೇಡವೇ ಬೇಡ. ಒಣಗುವಾಗ ಬಿಡುವ ಆಮ್ಲ ಬರಿ ಪತ್ರಾಕ್ಕೆ ತುಕ್ಕು ಹಿಡಿಸುತ್ತದೆ. ಅದರ ಮೇಲೆ ಪೇಂಟ್ ಕೂರುವುದಿಲ್ಲ. ತುಕ್ಕನ್ನು ಬ್ರಶ್‌ನಿಂದ ಬಿಳಿ ಕಬ್ಬಿಣ ಕಾಣುವವರೆಗೆ ಉಜ್ಜಿ. ತೂತು ದೊಡ್ಡದಿದ್ದರೆ ಪತ್ರಾ ತುಂಡು ವೆಲ್ಡ್ ಮಾಡಿ. ಜಿಂಕ್ ಪ್ರೈಮರ್ ಹೊಡೆದು, ಜೋಡಿನ ಮೇಲೆ ಪಾಲಿಯುರಿಥೇನ್ ಸೀಲೆಂಟ್ ಎಳೆದು, ಆಮೇಲೆ ಪೇಂಟ್.

ಗಾಜೇ ಸೋರುತ್ತಿದ್ದರೆ ಗಾಜು ತೆಗೆಯದೆ ದಾರಿಯಿಲ್ಲ. ಗಾಜಿನ ಸುತ್ತಲಿನ ಗಟ್ಟಿಯಾದ ರಬ್ಬರ್ ಬೀಡಿಂಗ್ ಕೆಳಗೆ ಪತ್ರಾದ ಅಂಚು ತುಕ್ಕು ಹಿಡಿದಿರುತ್ತದೆ. ಅದನ್ನು ಸರಿಮಾಡಿ ಹೊಸ ಬೀಡಿಂಗನ್ನು ಗಾಜಿಗೆ ಹಾಕಿ, ಹೊರಗಾಲುವೆಯಲ್ಲಿ ನೈಲಾನ್ ಹಗ್ಗ ಕೂರಿಸಿ, ಸೋಪಿನ ನೀರು ಸವರಿ. ಒಬ್ಬರು ಹೊರಗಿನಿಂದ ಒತ್ತಬೇಕು. ಒಳಗಿನವರು ಹಗ್ಗ ಎಳೆದಂತೆ ರಬ್ಬರಿನ ತುಟಿ ಪತ್ರಾದ ಮೇಲೆ ತಾನಾಗಿ ಕೂರುತ್ತದೆ. ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ, ಗಾಜು ಹೋಗುತ್ತದೆ.

2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯವಾಗಿದೆ. ಒಳ್ಳೆಯದಾಯಿತು. ಆದರೆ ರಸ್ತೆಯಲ್ಲಿರುವ ಹಳೆ ಗಾಡಿಯಲ್ಲಿ ಡ್ರೈವರ್, ಕ್ಲೀನರ್ ಇಬ್ಬರೂ ರಾತ್ರಿ ಮಲಗುವುದು ಇದೇ ಕ್ಯಾಬಿನ್‌ನಲ್ಲಿ. ಒದ್ದೆ ಹಾಸಿಗೆಯ ಮೇಲೆ ನಿದ್ದೆ ಬಾರದವರು ಮರುದಿನ ಹುಮನಾಬಾದ್ ದಾಟಿ ಹೈದರಾಬಾದ್ ಹೆದ್ದಾರಿಯಲ್ಲಿ ಗಾಡಿ ಓಡಿಸಬೇಕು. ಮಾಲೀಕರು ಇದನ್ನು ಸುಮ್ನೆ ಸಣ್ಣ ಕೆಲಸ ಅಂತ ಮುಂದಕ್ಕೆ ಹಾಕಬಾರದು.

ಮಿರಗ (ಮೃಗಶಿರ) ಮಳೆ ಜೂನ್ 7-8ರ ಸುಮಾರಿಗೆ ಕೂಡುತ್ತದೆ. ಮೇ ಎರಡನೇ ವಾರದೊಳಗೆ ಗಾಡಿ ತನ್ನಿ. ಸೀಲೆಂಟ್ ಹಾಕುವುದು ಬೆಳಿಗ್ಗೆಯೇ ಆಗಬೇಕು. ಮಧ್ಯಾಹ್ನ ಪತ್ರಾ ಮುಟ್ಟಲಾರದಷ್ಟು ಕಾದಿರುತ್ತದೆ. ಈ ಸೀಲೆಂಟ್ ಗಟ್ಟಿಯಾಗುವುದು ಗಾಳಿಯ ತೇವದಿಂದ. ನಮ್ಮ ಮೇ ತಿಂಗಳ ಒಣಗಾಳಿಯಲ್ಲಿ ನಿಧಾನವಾಗುತ್ತದೆ. ಎರಡು ದಿನ ಬಿಟ್ಟು ಮತ್ತೆ ಕೆಳಗಿನಿಂದ ಮೇಲಕ್ಕೆ ನೀರು ಬಿಟ್ಟು ನೋಡಿ. ಒಳಗೆ ಸೀಮೆಸುಣ್ಣದ ಪುಡಿ ಒಣಗಿಯೇ ಇದ್ದರೆ ಆಗ ಮ್ಯಾಟ್ ಹಾಸಿ.