ಲೆಕ್ಕ ತಪ್ಪಿದ 30 ಮಿಲಿಆಂಪಿಯರ್

ಗ್ಯಾರೇಜಿಗೆ ವೈರಿಂಗ್ ಮಾಡಿಸಿದವರನ್ನು ಸುರಕ್ಷತೆಯ ಬಗ್ಗೆ ಕೇಳಿ ನೋಡಿ. ‘ಎಂಸಿಬಿ ಇದೆಯಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಮಾತು ಕೇಳಿದಾಗಲೆಲ್ಲ ನನಗೆ ತಾಯಿತ ನೆನಪಾಗುತ್ತದೆ. ಎಂಸಿಬಿ ಎಂದರೆ ಕರೆಂಟು ಮಿತಿ ಮೀರಿದರೆ ತಾನೇ ಆರುವ ಸ್ವಿಚ್ಚು. 16 ಆಂಪಿಯರಿನ ಎಂಸಿಬಿಗೆ ಗೋಡೆಯೊಳಗಿನ ತಂತಿ ಕಾದು ಬೆಂಕಿ ಹತ್ತದಿರಲಿ ಎಂಬುದಷ್ಟೇ ಚಿಂತೆ. ಒದ್ದೆ ಕಾಂಕ್ರೀಟ್ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಅರ್ತ್ ತಂತಿ ಕಡಿದುಹೋದ ಹಳೆಯ ಡ್ರಿಲ್ ಹಿಡಿದಿದ್ದೀರಿ, ಅದರ ಲೋಹದ ಮೈಗೆ ಫೇಸ್ ತಗುಲಿದೆ ಎಂದಿಟ್ಟುಕೊಳ್ಳಿ. ದೇಹದ ರೋಧ ಸುಮಾರು 1000 ಓಮ್ ಆದರೆ, 230 ವೋಲ್ಟಿಗೆ ಹರಿಯುವುದು 0.23 ಆಂಪಿಯರ್. ಹೃದಯದ ಲಯ ಕೆಡಿಸಲು ಅದು ಧಾರಾಳ. ಎಂಸಿಬಿಯ ಪಾಲಿಗೆ ಮಾತ್ರ ನೀವು 60 ವ್ಯಾಟಿನ ಹಳೆಯ ಬಲ್ಬಿಗಿಂತ ಹೆಚ್ಚಿನವರಲ್ಲ.

ನಿಮ್ಮನ್ನು ಕಾಯುವುದು, ಕರೆಂಟು ಸೋರಿದರೆ ತಾನೇ ಆರುವ ಸ್ವಿಚ್ಚಾದ ಆರ್‌ಸಿಸಿಬಿ. ಅದರೊಳಗೆ ಬಳೆಯಂಥ ಒಂದು ಕಾಂತೀಯ ಉಂಗುರವಿದೆ. ಫೇಸ್, ನ್ಯೂಟ್ರಲ್ ಎರಡೂ ಅದರ ನಡುವೆ ಹಾದುಹೋಗುತ್ತವೆ. ಬೆಳಿಗ್ಗೆ ಬಿಟ್ಟ ಕುರಿಗಳನ್ನು ಸಂಜೆ ದೊಡ್ಡಿಯ ಬಾಗಿಲಲ್ಲಿ ಎಣಿಸುವ ಕುರುಬನಂತೆ ಎನ್ನೋಣವೇ? ಇಲ್ಲ, ಉಂಗುರಕ್ಕೆ ಎಣಿಕೆ ಬಾರದು. ಹಗ್ಗಜಗ್ಗಾಟವೇ ಸರಿಯಾದ ಹೋಲಿಕೆ. ಎರಡೂ ಕಡೆ ಹತ್ತತ್ತು ಜನರಿರಲಿ, ನೂರು ನೂರು ಜನರಿರಲಿ, ಬಲ ಸಮವಾಗಿದ್ದರೆ ನಡುವಿನ ಗಂಟು ಅಲುಗುವುದಿಲ್ಲ. ಹಾಗೆಯೇ ಹೋದ ಕರೆಂಟು ಪೂರ್ತಿ ಮರಳಿದರೆ ಎರಡು ತಂತಿಗಳ ಕಾಂತಕ್ಷೇತ್ರಗಳು ಪರಸ್ಪರ ಅಳಿಸಿಹೋಗುತ್ತವೆ. ಒಂದಿಷ್ಟು ಕರೆಂಟು ನಿಮ್ಮ ಕಾಲಿನಿಂದ ನೆಲಕ್ಕಿಳಿಯಿತೋ, ಗಂಟು ಸರಿಯಿತು. ಉಂಗುರಕ್ಕೆ ಸುತ್ತಿದ ಸಣ್ಣ ಸುರುಳಿಯಲ್ಲಿ ವಿದ್ಯುತ್ ಹುಟ್ಟಿ ಕೊಂಡಿ ಕಳಚುತ್ತದೆ. 30 ಮಿಲಿಆಂಪಿಯರ್ ಸೋರಿದರೆ ಸಾಕು, 300 ಮಿಲಿಸೆಕೆಂಡಿನೊಳಗೆ ಎಲ್ಲ ಬಂದ್.

ಅಮೆರಿಕದ ಬರ್ಕ್ಲಿಯಲ್ಲಿದ್ದ ವಿದ್ಯುತ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯಲ್ ಸ್ವಯಂಸೇವಕರ ಕೈಗೆ ತಂತಿ ಕೊಟ್ಟು, ಎಷ್ಟು ಕರೆಂಟಿಗೆ ಬೆರಳು ಬಿಡಿಸಲಾಗದು ಎಂದು ಅಳೆದಿದ್ದರು. ಗಂಡಸರಲ್ಲಿ ಅದು ಸರಾಸರಿ 16 ಮಿಲಿಆಂಪಿಯರ್. 1961ರಲ್ಲಿ ಅವರು ರೂಪಿಸಿದ ಇಂಥದ್ದೇ ರಕ್ಷಕ ಸಾಧನವಂತೂ 5 ಮಿಲಿಆಂಪಿಯರಿಗೇ ಎಚ್ಚರಗೊಳ್ಳುವಂಥದ್ದು.

ಆರ್‌ಸಿಸಿಬಿಗೂ ಒಂದು ಕುರುಡುತನವಿದೆ. ಒಣ ಹಲಗೆಯ ಮೇಲೆ ನಿಂತು ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಕರೆಂಟೆಲ್ಲ ಲೆಕ್ಕಕ್ಕೆ ಸರಿಯಾಗಿಯೇ ಮರಳುತ್ತದೆ. ಉಂಗುರಕ್ಕೆ ನೀವು ಮತ್ತೆ ಬರಿಯ ಬಲ್ಬು.

ಗ್ಯಾರೇಜಿನ ದೀಪದ ವಿಚಾರದಲ್ಲಿ ನನಗಿರುವುದು ಒಂದೇ ಹಟ: ಸಾಕೆಟ್ಟಿನ ಜೊತೆ ಅದನ್ನು ಒಂದೇ ಆರ್‌ಸಿಸಿಬಿಗೆ ಕಟ್ಟಬಾರದು. ಒಂದು ರಾತ್ರಿ ನನ್ನ ವಿದ್ಯುತ್ ಗರಗಸ ಸೋರಿ ಆರ್‌ಸಿಸಿಬಿ ಟ್ರಿಪ್ ಆಯಿತು. ದೀಪವೂ ಆರಿತು. ಗವ್ವೆನ್ನುವ ಕತ್ತಲಲ್ಲಿ, ಕೈಯಿಂದ ಗೇಣು ದೂರದಲ್ಲಿ, ಗರಗಸದ ಹಲ್ಲು ಇನ್ನೂ ಸುತ್ತುತ್ತಿರುವ ಸದ್ದು ಮಾತ್ರ ಕೇಳುತ್ತಿತ್ತು. ಮರುದಿನವೇ ದೀಪಕ್ಕೆ ಬೇರೊಂದು ಆರ್‌ಸಿಸಿಬಿ ಹಾಕಿಸಿದೆ.